ಹಬ್ಬಿಗೆ ಕಚ್ಚಿಕೊಂಡ ಹಿಂಬದಿ ಸ್ಪ್ರಾಕೆಟ್ ಬಿಡಿಸುವ ಕ್ರಮ

ಕಲಬುರಗಿ, ಯಾದಗಿರಿ ಕಡೆಯ ಎರೆಮಣ್ಣಿನ ಹೊಲದ ದಾರಿಗಳಲ್ಲಿ ವರ್ಷಗಟ್ಟಲೆ ಓಡಿದ ಮೋಟಾರ್‌ಸೈಕಲ್ಲಿನ ಹಿಂಬದಿ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ತಟ್ಟೆ), ನಟ್ಟುಗಳನ್ನೆಲ್ಲ ಬಿಚ್ಚಿದ ಮೇಲೂ ಹಬ್ಬು (ಚಕ್ರದ ನಡುಭಾಗ) ಬಿಟ್ಟು ಅಲುಗದಿರುವುದುಂಟು. ಮಳೆಗಾಲದ ಕೆಸರು ಚೈನಿನ ಎಣ್ಣೆಯೊಡನೆ ಕಲೆತು ಸ್ಪ್ರಾಕೆಟ್ಟಿನ ಹಿಂದೆ ಗಟ್ಟಿಯಾಗುತ್ತದೆ. ಅದು ಹಿಡಿದಿಟ್ಟ ತೇವಕ್ಕೆ ಉಕ್ಕಿನ ಸ್ಪ್ರಾಕೆಟ್ ತುಕ್ಕು ಹಿಡಿಯುತ್ತದೆ, ಅದರ ಕೆಳಗಿನ ಅಲ್ಯೂಮಿನಿಯಂ ಹಬ್ಬು ಬಿಳಿ ಪುಡಿಗಟ್ಟುತ್ತದೆ. ಈ ಎರಡೂ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಹಿಡಿಯುವುದರಿಂದ ಬಿಗಿತ ಬೆಳೆಯುತ್ತ ಹೋಗುತ್ತದೆ.

ಮೊದಲು ಸ್ಪ್ರಾಕೆಟ್ ಬೇರೆಯಾಗುವಂಥದ್ದೇ ಎಂದು ನೋಡಿಕೊಳ್ಳಬೇಕು. ಹಳೆಯ ಬುಲೆಟ್ಟಿನಲ್ಲಿ ಸ್ಪ್ರಾಕೆಟ್ಟೂ ಬ್ರೇಕ್ ಡ್ರಮ್ಮೂ ಒಂದೇ ಭಾಗವಾದ್ದರಿಂದ, ಹಲ್ಲು ಸವೆದರೆ ಡ್ರಮ್ಮನ್ನೇ ಬದಲಿಸಬೇಕಾಗುತ್ತದೆ. ಕೆಲವು ಗಾಡಿಗಳಲ್ಲಿ ನಟ್ಟುಗಳ ಜೊತೆಗೆ ನಡುವೆ ದೊಡ್ಡದೊಂದು ಸರ್ಕ್ಲಿಪ್ (ಸ್ಪ್ರಾಕೆಟ್ಟನ್ನು ಹಿಡಿದಿಡುವ ಸ್ಪ್ರಿಂಗ್ ಉಂಗುರ) ಇರುತ್ತದೆ. ಕೆಸರಿನಡಿ ಅದು ಕಾಣದೆ, ಸುತ್ತಿಗೆಯ ಏಟುಗಳೆಲ್ಲ ವ್ಯರ್ಥವಾಗುತ್ತವೆ.

ನಟ್ಟುಗಳನ್ನು ಚಕ್ರ ಗಾಡಿಯಲ್ಲಿರುವಾಗಲೇ ಸಡಿಲಿಸುವುದು ಲೇಸು. ಎಂಜಿನ್ ಬಂದ್ ಮಾಡಿ, ಚೈನ್ ಕವರ್ ತೆಗೆದು, ನಟ್ಟು ಸಡಿಲವಾಗದಂತೆ ತಡೆಯುವ ಲಾಕ್ ವಾಷರಿನ ಮಡಿಚಿದ ಕಿವಿಗಳನ್ನು ಛೇಣಿಯಿಂದ ನೆಟ್ಟಗೆ ಮಾಡಿ, ಇನ್ನೊಬ್ಬರು ಹಿಂದಿನ ಬ್ರೇಕನ್ನು ಒತ್ತಿ ಹಿಡಿದಿರುವಾಗ ರಿಂಗ್ ಪಾನಾ ಅಥವಾ ಬಾಕ್ಸ್ ಪಾನಾದಿಂದ ತಿರುಗಿಸಬೇಕು. ಬಾಯಿ ಸವೆದ ಪಾನಾ ನಟ್ಟಿನ ಮೂಲೆಗಳನ್ನು ಉರುಟು ಮಾಡಿಬಿಡುತ್ತದೆ. ಆಮೇಲೆ ಚಕ್ರ ಇಳಿಸಿ, ಬ್ರೇಕ್ ಶೂ ಮತ್ತು ಹಬ್ಬಿನ ರಬ್ಬರುಗಳನ್ನು ತೆಗೆದಿಡಬೇಕು. ಹಳೆಯ ಶೂಗಳ ಧೂಳಿನಲ್ಲಿ ಆಸ್ಬೆಸ್ಟಾಸ್ ಇರಬಹುದಾದ್ದರಿಂದ ಅದನ್ನು ಊದದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಕೆಸರನ್ನು ಕೆರೆದು, ಸ್ಪ್ರಾಕೆಟ್ಟಿನ ನಡುವಿನ ಸಂದಿಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಹಾಗೇ ಇಡುವುದು ಒಳ್ಳೆಯದು.

ಶಾಖ ಕೊಡುವಾಗ ಬಹಳ ಜನ ಎಡವುತ್ತಾರೆ. ಒಂದು ಮೀಟರ್ ಅಲ್ಯೂಮಿನಿಯಂ 100 ಡಿಗ್ರಿಯಷ್ಟು ಕಾದರೆ ಸುಮಾರು 2.3 ಮಿಲಿಮೀಟರ್ ಹಿಗ್ಗುತ್ತದೆ, ಉಕ್ಕು ಸುಮಾರು 1.2 ಮಿಲಿಮೀಟರ್ ಮಾತ್ರ. ಸ್ಪ್ರಾಕೆಟ್ ಹೊರಗೆ, ಅಲ್ಯೂಮಿನಿಯಂ ಹಬ್ಬು ಒಳಗೆ ಇರುವಲ್ಲಿ ಎರಡನ್ನೂ ಒಟ್ಟಿಗೆ ಕಾಯಿಸಿದರೆ ಒಳಗಿನದೇ ಹೆಚ್ಚು ಹಿಗ್ಗಿ ಇನ್ನೂ ಬಿಗಿಯಾಗುತ್ತದೆ. ಕಲಬುರಗಿಯ ಮೇ ತಿಂಗಳ ಬಿಸಿಲಿಗಿಟ್ಟು ನೋಡೋಣ ಎನ್ನುವ ಉಪಾಯ ಇದರಿಂದಲೇ ನೆಲಕಚ್ಚುತ್ತದೆ. ಆದ್ದರಿಂದ ಎಣ್ಣೆಯನ್ನು ಪೂರ್ತಿ ಒರೆಸಿ, ಪೆಟ್ರೋಲಿನಿಂದ ದೂರ ಕೂತು, ಹೀಟ್ ಗನ್ನಿನ ಬಿಸಿಗಾಳಿಯನ್ನು ಸ್ಪ್ರಾಕೆಟ್ಟಿನ ಒಳ ಅಂಚಿಗಷ್ಟೇ ಬೇಗ ಬೇಗ ಸುತ್ತಲೂ ಹಾಯಿಸಿ, ಹಬ್ಬು ಕಾಯುವ ಮೊದಲೇ ಏಟು ಹಾಕಬೇಕು. ಅಲ್ಯೂಮಿನಿಯಂನಲ್ಲಿ ಸಿಕ್ಕಿಕೊಂಡ ಉಕ್ಕಿನ ಸ್ಟಡ್ಡಿಗೆ (ತಲೆಯಿಲ್ಲದ ಬೋಲ್ಟಿಗೆ) ಮಾತ್ರ ಇದು ತಿರುಗುಮುರುಗು: ಅಲ್ಲಿ ಸುತ್ತಲಿನ ಅಲ್ಯೂಮಿನಿಯಮ್ಮನ್ನೇ ಕಾಯಿಸಬೇಕು.

ಏಟನ್ನು ಹಿತ್ತಾಳೆಯ ಸರಳಿನ ಮೂಲಕ, ಸ್ಪ್ರಾಕೆಟ್ಟಿನ ಹಿಂಬದಿಗೆ, ನಡುವಿನ ಹತ್ತಿರ, ಎದುರುಬದುರು ಜಾಗಗಳಿಗೆ ಹಗುರವಾಗಿ ಹಾಕುತ್ತ ಬರಬೇಕು. ಒಂದೇ ಕಡೆ ಹೊಡೆದರೆ ಸ್ಪ್ರಾಕೆಟ್ ಓರೆಯಾಗಿ ಸಿಕ್ಕಿಕೊಳ್ಳುತ್ತದೆ. ಹಲ್ಲಿನ ಮೇಲೆ ಹೊಡೆದರೆ ತಟ್ಟೆ ಬಾಗುತ್ತದೆಯೇ ಹೊರತು ಹಬ್ಬು ಬಿಡುವುದಿಲ್ಲ. ಯಾವುದಕ್ಕೂ ಬಗ್ಗದಿದ್ದರೆ, ಹೇಗೂ ಗುಜರಿಗೆ ಹೋಗುವ ಸ್ಪ್ರಾಕೆಟ್ಟನ್ನು ಗ್ರೈಂಡರಿನಿಂದ ಹಬ್ಬಿಗೆ ತಾಗದಷ್ಟು ಆಳ ಸೀಳಿ, ಸೀಳಿನಲ್ಲಿ ಛೇಣಿಯಿಟ್ಟು ಬಿರಿಯಿಸಬಹುದು. ಆಗ ಕಣ್ಣಿಗೆ ಕನ್ನಡಕವಿರಲಿ.

ಹೊಸದನ್ನು ಕೂರಿಸುವ ಮುನ್ನ ಹಬ್ಬಿನ ಬಿಳಿ ಪುಡಿಯನ್ನು ನಯವಾದ ಎಮರಿ ಕಾಗದದಿಂದ ತಿಕ್ಕಿ, ಬ್ರೇಕಿನ ಕಡೆ ಹೋಗದಂತೆ ತೆಳುವಾಗಿ ಗ್ರೀಸ್ ಸವರಬೇಕು. ಚೈನು ಮತ್ತು ಎರಡೂ ಸ್ಪ್ರಾಕೆಟ್‌ಗಳನ್ನು ಒಟ್ಟಿಗೆ ಬದಲಿಸುವುದು ವಾಸಿ, ಏಕೆಂದರೆ ಹಿಗ್ಗಿದ ಹಳೆಯ ಚೈನು ಹೊಸ ಹಲ್ಲುಗಳನ್ನು ಬೇಗ ತಿನ್ನುತ್ತದೆ. ಲಾಕ್ ವಾಷರುಗಳು ಹೊಸವೇ ಇರಲಿ. ಒಮ್ಮೆ ಮಡಿಚಿ ಬಿಚ್ಚಿದ ಕಿವಿ ಎರಡನೆಯ ಮಡಿಕೆಗೆ ಮುರಿಯುವುದುಂಟು.