ಹಳೇ ಲಾರಿಯ ತುಕ್ಕು ಹಿಡಿದ ಟಾಪ್ ಬದಲಿಸುವುದು ಹೇಗೆ?

ಚಿಕ್ಕಮಗಳೂರು ಕಡೆಯ ಕಾಫಿ ತೋಟಗಳಲ್ಲಿ ಮುಂದೆ ಮೂತಿ ಇರುವ ಹಳೇ ಟಾಟಾ ಮರ್ಸಿಡಿಸ್ ಲಾರಿಗಳು ಇನ್ನೂ ಅಲ್ಲೊಂದು ಇಲ್ಲೊಂದು ಇವೆ. ಟಾಟಾ ಮತ್ತು ಜರ್ಮನಿಯ ಡೈಮ್ಲರ್-ಬೆಂಜ್ ಕಂಪನಿಗಳ ನಡುವಿನ 1954ರಿಂದ 1969ರ ತನಕದ ಒಪ್ಪಂದದಲ್ಲಿ ಬಂದವು. ಎಂಜಿನ್ ಗಟ್ಟಿ, ಟಾಪ್, ಅಂದರೆ ಕ್ಯಾಬಿನ್ನಿನ ಚಾವಣಿ, ಮಾತ್ರ ಜರಡಿ. ಬಾಗಿಲ ಮೇಲೆ ನೀರು ಹರಿದು ಹೋಗುವ ಸಣ್ಣ ದೋಣಿಯಲ್ಲಿ ಸಿಲ್ವರ್ ಓಕ್ ಎಲೆ ಕೂತು ಮಳೆಗಾಲವಿಡೀ ಒದ್ದೆ ಇರುತ್ತದಲ್ಲ, ತುಕ್ಕು ಶುರುವಾಗುವುದೇ ಅಲ್ಲಿಂದ. ಹೊಸ ತಗಡು ಹಾಕಿಸಿದ ಮೂರು ಲಾರಿ ನೋಡಿದ್ದೇನೆ. ಮೂರರ ಟಾಪೂ ಅಲೆ ಅಲೆ. ಒಂದನ್ನು ಒತ್ತಿದರೆ ಎಣ್ಣೆ ಡಬ್ಬದ ತಳದ ಹಾಗೆ ಟಕ್ ಅಂತ ಒಳಗೆ ಹೋಗಿ ಟಕ್ ಅಂತ ಹೊರಗೆ ಬರುತ್ತಿತ್ತು.

ಕೊಯ್ಲು ಮುಗಿದು ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಬೀಳುವುದರೊಳಗೆ ಈ ಕೆಲಸ ಮಾಡಿ. ಮಳೆಗಾಲದಲ್ಲಿ ಬರೀ ತಗಡು ಒಂದೇ ರಾತ್ರಿಗೆ ಕೆಂಪಾಗುತ್ತದೆ.

ಬ್ಯಾಟರಿ ವೈರ್, ಗ್ಲಾಸು, ಸೀಟು, ಒಳಗಿನ ರೆಕ್ಸಿನ್ ಬಿಚ್ಚಿ. ಕಿಡಿ ಬಿದ್ದು ಬೆಂಕಿ ಹತ್ತಿದರೆ ಆರಿಸಲು ಪಕ್ಕದಲ್ಲಿ ಒದ್ದೆ ಗೋಣಿಚೀಲ ಇರಲಿ.

ಕೊಯ್ಯುವ ಮೊದಲು ಎರಡೂ ಕಡೆಯ ಬಾಗಿಲ ಕಂಬಗಳ ನಡುವೆ ಸ್ಕ್ವೇರ್ ಪೈಪ್ ಅಡ್ಡ ಇಟ್ಟು ಟ್ಯಾಕ್ (ತಾತ್ಕಾಲಿಕ ಚುಕ್ಕಿ ಬೆಸುಗೆ) ಹಾಕಿ. ಇಲ್ಲದಿದ್ದರೆ ಕ್ಯಾಬಿನ್ ಹಿಗ್ಗುತ್ತದೆ, ಆಮೇಲೆ ಬಾಗಿಲು ಕೂರುವುದಿಲ್ಲ. ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ, ಗಟ್ಟಿ ತಗಡು ಸಿಕ್ಕ ಮೇಲೂ ಎರಡು ಇಂಚು ಬಿಟ್ಟು ಕೊಯ್ಯಿರಿ. ಮೂಲೆ ದುಂಡಗಿರಲಿ.

ಹೊಸದಕ್ಕೆ 20 ಗೇಜ್ ಸಿಆರ್ ಶೀಟ್ (ಸತುವಿನ ಲೇಪ ಇಲ್ಲದ ಉಕ್ಕಿನ ತಗಡು) ಸಾಕು. ಮನೆಯಲ್ಲಿ ಉಳಿದಿರುವ, ಸತು ಬಳಿದ ಜಿಐ ಶೀಟ್ ಹಾಕೋಣ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ವೆಲ್ಡಿಂಗ್ ಮಾಡುವಾಗ ಏಳುವ ಸತುವಿನ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಗ್ಯಾರಂಟಿ. ಮರಳು ಚೀಲದ ಮೇಲಿಟ್ಟು ಮರದ ಕೊಡತಿಯಿಂದ ಬಡಿದು ಹಳೇ ಟಾಪಿನ ಉಬ್ಬು ತರಬೇಕು.

ಕೆಡುವುದು ಇಲ್ಲಿಂದ ಮುಂದೆ. ಒಂದರ ಮೇಲೊಂದು ಹತ್ತಿಸಿ ಬೆಸೆಯುವುದು ಸುಲಭ ಅಂತ ಟಿಂಕರ್ ಹೇಳುತ್ತಾನೆ. ಸುಲಭವೇ, ಆದರೆ ಆ ಸಂದಿಯಲ್ಲಿ ನೀರು ಸೇರುತ್ತದೆ, ನಮ್ಮ ಮಳೆಗೆ ಬಹಳ ದಿನ ತಡೆಯುವುದಿಲ್ಲ. ಅಂಚಿಗೆ ಅಂಚು ಕೂಡಿಸಿ, ನಡುವೆ 1 ಮಿ.ಮೀ.ಗಿಂತ ಜಾಸ್ತಿ ಸಂದಿ ಬೇಡ. 0.8 ಮಿ.ಮೀ. ತಂತಿಯ ಸಿಓಟೂ ವೆಲ್ಡಿಂಗ್ (ಕಾರ್ಬನ್ ಡೈಆಕ್ಸೈಡ್ ಗ್ಯಾಸಿನ ವೆಲ್ಡಿಂಗ್) ಇದ್ದರೆ ಒಳ್ಳೆಯದು. ಒಂದು ಚುಕ್ಕಿ ಇಲ್ಲಿ ಇಟ್ಟರೆ ಮುಂದಿನದು ಎದುರು ಬದಿಯಲ್ಲಿ, ಆಮೇಲಿನದು ಇನ್ನೊಂದು ಮೂಲೆಯಲ್ಲಿ. ಹೀಗೆ ಸುತ್ತ ಮೂರು ಮೂರು ಇಂಚಿಗೆ ಇಟ್ಟು, ನಂತರ ಪ್ರತಿ ಎರಡರ ಮಧ್ಯೆ ಒಂದೊಂದು, ಸಂದಿ ಪೂರ್ತಿ ಮುಚ್ಚುವ ತನಕ. ಬೆಸುಗೆ ಆರುವಾಗ ಕುಗ್ಗಿ ತಗಡನ್ನು ಎಳೆಯುತ್ತದೆ. ಒಂದೇ ಗೆರೆ ಎಳೆದರೆ ಇಡೀ ಟಾಪ್ ಸುಕ್ಕಾಗುವುದು ಅದಕ್ಕೇ. ಪ್ರತಿ ಚುಕ್ಕಿಯ ಕೆಳಗೆ ಡಾಲಿ (ಅಂಗೈಯಲ್ಲಿ ಹಿಡಿಯುವ ಕಬ್ಬಿಣದ ಗಟ್ಟಿ) ಹಿಡಿದು ಮೇಲಿಂದ ಮೆಲ್ಲಗೆ ತಟ್ಟಿ, ಕುಗ್ಗಿದ್ದು ಸ್ವಲ್ಪ ಹಿಗ್ಗುತ್ತದೆ. ಅಂಗೈ ಇಟ್ಟಾಗ ಬಿಸಿ ಅನಿಸಿದರೆ ಕಾಫಿ ಕುಡಿದು ಬನ್ನಿ. ನೀರು ಹಾಕಿ ತಣಿಸಬೇಡಿ. ಅರ್ಧ ದಿನ ಹಿಡಿಯಲಿ, ಏನಾಯಿತು? ಗ್ರೈಂಡರ್ ಕೂಡ ಬಿಸಿ ಮಾಡುತ್ತದೆ, ಒಂದೇ ಜಾಗದಲ್ಲಿ ಒತ್ತಿ ಹಿಡಿಯಬೇಡಿ.

ಉಜ್ಜಿದ ದಿನವೇ ಎಪಾಕ್ಸಿ ಪ್ರೈಮರ್ ಹೊಡೆಯಿರಿ. ಅಗ್ಗದ ರೆಡ್ ಆಕ್ಸೈಡ್ ನೀರು ತಡೆಯುವುದಿಲ್ಲ. ಪುಟ್ಟಿ ತೆಳ್ಳಗಿರಲಿ. ತುಕ್ಕಿನ ಮೇಲೆ ಫೈಬರ್ ಮ್ಯಾಟ್ ಅಂಟಿಸುವ ಬುದ್ಧಿವಂತರೂ ಇದ್ದಾರೆ, ಒಳಗೆ ತುಕ್ಕು ತಿನ್ನುತ್ತಲೇ ಇರುತ್ತದೆ. ಪ್ರೈಮರ್ ಒಣಗಿದ ಮೇಲೆ ದೋಣಿಯ ಸಂದಿಗೆ ಸೀಲರ್ ತುಂಬಿ, ನೀರು ಇಳಿದು ಹೋಗುವ ತುದಿ ಮಾತ್ರ ಮುಚ್ಚಬೇಡಿ.

ಪೇಂಟ್ ಆದ ಮೇಲೆ ಒಬ್ಬರು ಟಾಪ್ ಮೇಲೆ ನಾಲ್ಕು ಬಿಂದಿಗೆ ನೀರು ಸುರಿಯಲಿ, ನೀವು ಟಾರ್ಚ್ ಹಿಡಿದು ಒಳಗೆ ಕೂತು ನೋಡಿ. ರೆಕ್ಸಿನ್ ಹೊಡೆಯುವುದು ಅದಾದ ಮೇಲೆ.