ಹೊಸ ಟ್ರ್ಯಾಕ್ಟರ್ ಬಿಟ್ಟು ಹಳೇದು ತಗೊಂಡೆ: ನನ್ನ ತಾಸಿನ ಲೆಕ್ಕ

2024ರ ಜೂನ್ ಮೊದಲ ವಾರ ನಮ್ಮ ಹೊಲಕ್ಕೆ ಒಳ್ಳೆ ಮಳೆ ಬಿತ್ತು. ರಾಣೆಬೆನ್ನೂರು ತಾಲೂಕಿನಲ್ಲಿ ನಮ್ಮದು ಒಟ್ಟು 9 ಎಕರೆ. 6 ಎಕರೆ ಎರೆ, ಅಂದರೆ ಕಪ್ಪು ಮಣ್ಣು. 3 ಎಕರೆ ಮಸಾರಿ, ಅಂದರೆ ಕೆಂಪು ಮಣ್ಣು. ಎರೆ ಹೊಲದಲ್ಲಿ ಬಿತ್ತಿದವರಿಗೆ ಗೊತ್ತಿರುತ್ತೆ, ಮಳೆ ನಿಂತ ಮೇಲೆ ಹದ ಸಿಗೋದು ಎರಡು ದಿನ, ಬಹಳ ಅಂದ್ರೆ ಮೂರು ದಿನ. ಮೊದಲು ಹೋದರೆ ಗಾಲಿಗೆ ಮಣ್ಣು ಮೆತ್ತುತ್ತೆ, ತಡ ಮಾಡಿದರೆ ಹೆಂಟೆ ಏಳುತ್ತೆ. ಬಾಡಿಗೆ ಟ್ರ್ಯಾಕ್ಟರ್‌ನವನಿಗೆ ಎರಡು ದಿನ ಮೊದಲೇ ಹೇಳಿಟ್ಟಿದ್ದೆ. ಅವನು ಬಂದದ್ದು ಐದನೇ ದಿನ ಸಂಜೆ. ಅವನ ತಪ್ಪು ಅಂತ ಹೇಳಲ್ಲ. ಇಡೀ ಊರಿಗೆ ಅದೇ ಎರಡು ದಿನ ಟ್ರ್ಯಾಕ್ಟರ್ ಬೇಕಿತ್ತು.

ಆ ವರ್ಷ ಪಕ್ಕದ ಹೊಲದ ಅಣ್ಣನಿಗೆ ಗೋವಿನಜೋಳ ಎಕರೆಗೆ 24 ಕ್ವಿಂಟಲ್ ಬಂತು. ನನ್ನ ಎರೆ ಹೊಲದಲ್ಲಿ 17. ಮಳೆ ಅದೇ, ಬೀಜ ಅದೇ, ಗೊಬ್ಬರವೂ ಹೆಚ್ಚು ಕಡಿಮೆ ಅಷ್ಟೇ. 6 ಎಕರೆಗೆ 42 ಕ್ವಿಂಟಲ್ ಹೋಯಿತು. ಆಗಿನ ರೇಟು 2,200 ಅಂತ ಹಿಡಿದರೂ 90 ಸಾವಿರ ದಾಟುತ್ತೆ. ಎತ್ತಿನ ಜೋಡಿ ಮಾರಿ ಆಗಲೇ ಎರಡು ವರ್ಷ ಆಗಿತ್ತು. ಸ್ವಂತ ಟ್ರ್ಯಾಕ್ಟರ್ ತಗೋಬೇಕು ಅಂತ ಅವತ್ತೇ ಗಟ್ಟಿ ಮಾಡಿದೆ.

ಹೊಸದೋ ಹಳೇದೋ ಅನ್ನೋ ಪ್ರಶ್ನೆಗೆ ಮನೆಯಲ್ಲೇ ಎರಡು ಪಕ್ಷ ಆಯಿತು. ತಮ್ಮನಿಗೆ ಹೊಸದೇ ಬೇಕಿತ್ತು. ಶೋರೂಮಿಗೆ ಹೋದೆವು. 45 ಎಚ್‌ಪಿ ಟ್ರ್ಯಾಕ್ಟರ್ ಎಲ್ಲಾ ಸೇರಿ 7 ಲಕ್ಷ 60 ಸಾವಿರ ಅಂದರು. 2 ಲಕ್ಷ 10 ಸಾವಿರ ಕಟ್ಟಿ, ಉಳಿದ ಐದೂವರೆ ಲಕ್ಷ ಸಾಲ. ಬಡ್ಡಿ ಹತ್ತೂವರೆ, ಐದು ವರ್ಷ, ಆರು ತಿಂಗಳಿಗೊಂದು ಕಂತು. ಕಂತು ಸುಮಾರು 72 ಸಾವಿರ. ವರ್ಷಕ್ಕೆ 1 ಲಕ್ಷ 44 ಸಾವಿರ. "ಬಾಡಿಗೆ ಹೊಡೆದ್ರ ಕಂತು ತಾನ ತೀರತೈತಿ ಬಿಡ್ರಿ" ಅಂತ ಅಲ್ಲಿದ್ದವರು ಹೇಳಿದರು. ತಮ್ಮ ತಲೆ ಆಡಿಸಿದ.

ನಮಗೆ ದಾರಿ ತೋರಿಸಿದ್ದು ನಮ್ಮೂರಿನ ಮೇಸ್ತ್ರಿ. 30 ವರ್ಷದಿಂದ ಟ್ರ್ಯಾಕ್ಟರ್ ಬಿಚ್ಚಿ ಕಟ್ಟುವವರು. ಯಾವ ಕಂಪನಿ ಚಲೋ ಕಾಕಾ ಅಂತ ಕೇಳಿದ್ದಕ್ಕೆ, "ಕಂಪನಿ ಆಮ್ಯಾಲ ನೋಡೂಣು ತಮ್ಮಾ. ವರ್ಷಕ್ಕ ಎಷ್ಟ್ ತಾಸಿನ ಕೆಲಸ ಐತಿ ನಿನ್ನ ಕಡೆ? ಅದನ್ನ ಬರ್ಕೊಂಡ್ ಬಾ" ಅಂದರು.

ಬರೆದೆ. ಬೇಸಿಗೆಯಲ್ಲಿ ಪಲ್ಟಿ ಹೊಡೆಯೋಕೆ, ಅಂದರೆ ಮಣ್ಣು ಮಗುಚಿ ಹಾಕೋಕೆ, ಎಕರೆಗೆ ಎರಡು ತಾಸು. ಎರಡು ಸಲ ಹರಗೋಕೆ ಎರಡು ತಾಸು. ಮಣ್ಣು ಪುಡಿ ಮಾಡುವ ರೋಟಾವೇಟರ್ ಹಾಕಿದರೆ ಒಂದೂಕಾಲು ತಾಸು. ಬಿತ್ತೋಕೆ ಮುಕ್ಕಾಲು ತಾಸು. ಆಮೇಲೆ ಗೊಬ್ಬರ ಸಾಗಿಸೋದು, ಫಸಲು ಹೇರೋದು, ಹಿಂಗಾರಿಗೆ ಇನ್ನೊಂದಿಷ್ಟು. ಹೆಂಗೆ ಎಳೆದರೂ 9 ಎಕರೆಗೆ 90 ತಾಸು ಆಯಿತು. ಅಷ್ಟೇನಾ ಅಂತ ನನಗೇ ಅನಿಸಿ ಎರಡು ಸಲ ಕೂಡಿಸಿ ನೋಡಿದೆ.

ಬಾಡಿಗೆ ಸರಾಸರಿ ತಾಸಿಗೆ 1,000 ರೂಪಾಯಿ. ಅದರಲ್ಲಿ ಡೀಸೆಲ್ 4 ಲೀಟರ್, 360 ರೂಪಾಯಿ. ಆಯಿಲ್, ಟೈರ್, ಸವಕಳಿಗೆ 100. ನಾನೇ ಓಡಿಸಿದರೆ ಉಳಿಯೋದು 540. ಅಂದರೆ ನನ್ನ 90 ತಾಸಿಗೆ ಸುಮಾರು 48 ಸಾವಿರ ಉಳಿತಾಯ. ಕಂತಿಗೆ ಇನ್ನೂ 96 ಸಾವಿರ ಬೇಕು. ಹೊರಗಿನ ಬಾಡಿಗೆಯಲ್ಲಿ ಒಂದಿಷ್ಟು ಉದ್ರಿ ಮುಳುಗೇ ಮುಳುಗುತ್ತೆ, ಅದಕ್ಕೆ ತಾಸಿಗೆ 500 ಹಿಡಿದೆ. 190 ತಾಸು ಹೊರಗೆ ಹೊಡೆಯಬೇಕು, ಪ್ರತಿ ವರ್ಷ, ಐದು ವರ್ಷ.

190 ತಾಸು ದೊಡ್ಡ ಮಾತಲ್ಲ ಅನಿಸಬಹುದು. ಆದರೆ ನಮ್ಮೂರಲ್ಲಿ ಆಗಲೇ 14 ಟ್ರ್ಯಾಕ್ಟರ್ ಇದ್ದವು. ಬಾಡಿಗೆ ಬರೋದೂ ವರ್ಷಪೂರ್ತಿ ಅಲ್ಲ, ಹದದ ದಿನಗಳಲ್ಲಿ. ಅವೇ ದಿನಗಳಲ್ಲಿ ನನ್ನ ಹೊಲಕ್ಕೂ ಟ್ರ್ಯಾಕ್ಟರ್ ಬೇಕು. ಹದ ತಪ್ಪಬಾರದು ಅಂತ ಟ್ರ್ಯಾಕ್ಟರ್ ತಗೊಂಡು, ಕಂತಿಗೋಸ್ಕರ ಅದೇ ಹದದಲ್ಲಿ ಬೇರೆಯವರ ಹೊಲಕ್ಕೆ ಹೋದರೆ ಏನು ಬಂತು? ಈ ಮಾತು ತಮ್ಮನಿಗೂ ನಾಟಿತು. ನಮಗೆ ಬೇಕಾದದ್ದು ಹದದ ದಿನ ಬೆಳಿಗ್ಗೆ ಸ್ಟಾರ್ಟ್ ಆಗುವ ಗಾಡಿ. ಅದಕ್ಕೆ ಹೊಸದೇ ಆಗಬೇಕು ಅಂತಿಲ್ಲ.

ಹಳೇದು ಅಂತ ಆದಮೇಲೆ 2025ರ ಜನವರಿ ಕೊನೆಯಿಂದ ಹುಡುಕಾಟ ಶುರು. ಆ ಸಮಯ ನಾವು ಬೇಕಂತಲೇ ಆರಿಸಿಕೊಂಡಿದ್ದು. ಮುಂಗಾರಿಗೆ ಮೂರು ನಾಲ್ಕು ತಿಂಗಳು ಇರುತ್ತೆ, ಬಿಚ್ಚಿ ರಿಪೇರಿ ಮಾಡಿಸೋಕೆ ಕಾಲ ಸಿಗುತ್ತೆ. ಮೇ ಬಂತು ಅಂದ್ರೆ ಕೊಳ್ಳೋರು ಜಾಸ್ತಿ, ರೇಟೂ ಜಾಸ್ತಿ.

ಮೊದಲ ಗಾಡಿ ನೋಡಿದ್ದು ಹಳೇ ಟ್ರ್ಯಾಕ್ಟರ್ ಸಾಲಾಗಿ ನಿಲ್ಲಿಸಿ ಮಾರುವ ಒಂದು ಜಾಗದಲ್ಲಿ. ಬಣ್ಣ ಥಳಥಳ ಅಂತಿತ್ತು. ಎಂಜಿನ್ ಎಷ್ಟು ತಾಸು ಓಡಿದೆ ಅಂತ ಹೇಳುವ ಅವರ್ ಮೀಟರ್ 2,900 ತೋರಿಸ್ತಿತ್ತು. ನಾವು ಬರೋತನಕ ಸ್ಟಾರ್ಟ್ ಮಾಡಬೇಡಿ ಅಂತ ಫೋನಿನಲ್ಲಿ ಹೇಳಿದ್ದೆವು. ಮೇಸ್ತ್ರಿ ಹೋದವರೇ ಎಂಜಿನ್ ಮೇಲೆ ಕೈ ಇಟ್ಟು ನೋಡಿದರು. ಬಿಸಿ ಇತ್ತು. ತಣ್ಣಗಿದ್ದಾಗ ಸ್ಟಾರ್ಟ್ ಆಗಲು ಸತಾಯಿಸುವ ಗಾಡಿಯನ್ನು ಹೀಗೆ ಮೊದಲೇ ಬಿಸಿ ಮಾಡಿ ಇಡುತ್ತಾರಂತೆ. ಆಮೇಲೆ ಕ್ಲಚ್ ಪೆಡಲ್ ತೋರಿಸಿದರು. ಅದರ ಮೇಲಿನ ಗೀರುಗಳೆಲ್ಲ ಸವೆದು ನುಣ್ಣಗಾಗಿದ್ದವು. ಹಿಂದೆ ಟ್ರೇಲರ್ ಸಿಕ್ಕಿಸುವ ತೂತು ಉರುಟಾಗಿ ಇರಬೇಕಿತ್ತು, ಕೋಳಿ ಮೊಟ್ಟೆ ಹಾಗೆ ಉದ್ದ ಆಗಿತ್ತು. "ಇದು ಹೊಲದಾಗ ದುಡಿದದ್ದಲ್ಲ, ಇಟ್ಟಂಗಿ ಹೇರಿದ್ದು. 2,900 ಅಲ್ಲ, ಅದರ ಮೂರು ಪಟ್ಟು ಓಡೇತಿ" ಅಂದರು. ಮೀಟರ್ ವೈರು ಬಿಚ್ಚಿಟ್ಟು ಓಡಿಸೋದು ದೊಡ್ಡ ಕೆಲಸವಲ್ಲ. ಪೆಡಲ್, ತೂತು, ಹಿಂದೆ ಉಪಕರಣ ಎತ್ತುವ ಲಿಫ್ಟ್ ತೋಳಿನ ಗುಂಡುಗಳ ಸವಕಳಿಯನ್ನು ಮುಚ್ಚಿಡೋದು ಕಷ್ಟ.

ಎರಡನೇದು ಎಂಜಿನ್ ಬಹಳ ಚೆನ್ನಾಗಿತ್ತು. ತಣ್ಣಗಿದ್ದದ್ದು ಅರ್ಧ ಸುತ್ತಿಗೇ ಸ್ಟಾರ್ಟ್ ಆಯಿತು. ಎಂಜಿನ್ ಒಳಗಿನ ಗಾಳಿ ಹೊರಬರುವ ಬ್ರೀದರ್ ಪೈಪಿಗೆ ಅಂಗೈ ಹಿಡಿದರೆ ಎಣ್ಣೆ ಹನಿ ಬರಲಿಲ್ಲ, ಗಾಳಿಯೂ ಜೋರಾಗಿ ಒದೆಯಲಿಲ್ಲ. ರೇಡಿಯೇಟರ್ ನೀರಲ್ಲಿ ಗುಳ್ಳೆ ಇಲ್ಲ, ಎಣ್ಣೆ ಜಿಡ್ಡಿಲ್ಲ. ಮಾತು ಮುಗಿಸಿಬಿಡೋಣ ಅಂತಿದ್ದೆ. ಮೇಸ್ತ್ರಿ ಗೇರ್ ಬಾಕ್ಸಿನ ಎಣ್ಣೆ ಕಡ್ಡಿ ಎಳೆದು, ತುದಿಯಲ್ಲಿದ್ದದ್ದನ್ನು ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿ ನನ್ನ ಮುಂದೆ ಹಿಡಿದರು. ಗಟ್ಟಿ ಮಜ್ಜಿಗೆ ಬಣ್ಣ. ಒಳಗೆ ನೀರು ಹೋಗಿದೆ. ಕೇಳಿದಾಗ, ಗಾಡಿ ಐದಾರು ವರ್ಷ ತುಂಗಭದ್ರಾ ಕಾಲುವೆ ಭಾಗದಲ್ಲಿ ಭತ್ತದ ಗದ್ದೆ ಕೆಸರು ಮಾಡಿದ್ದು ಅಂತ ಗೊತ್ತಾಯಿತು. ಕೆಸರಲ್ಲಿ ದುಡಿದ ಗಾಡಿಗೆ ಆಯಿಲ್ ಸೀಲುಗಳು ಮೊದಲು ಹೋಗುತ್ತವೆ. ಅಲ್ಲಿಂದ ನೀರು ಮಣ್ಣು ಒಳಗೆ ಇಳಿದು ಬೇರಿಂಗ್, ಬ್ರೇಕ್ ತಿನ್ನುತ್ತೆ. ಎಂಜಿನ್ ಸವೆದು ಬಿಚ್ಚಿ ಬೋರ್ ಮಾಡಿಸೋ ಹಾಗಾದರೆ 70 ಸಾವಿರ ಹಿಡಿದು ಲೆಕ್ಕ ಹಾಕಬಹುದು. ಗೇರ್ ಬಾಕ್ಸ್, ಹಿಂದಿನ ಹೌಸಿಂಗ್ ಬಿಚ್ಚಿದರೆ ಖರ್ಚು ಎಲ್ಲಿಗೆ ನಿಲ್ಲುತ್ತೆ ಹೇಳೋಕಾಗಲ್ಲ. ಕೈಮುಗಿದು ಬಂದೆವು.

ಮಾಡೆಲ್ ವರ್ಷಕ್ಕಿಂತ ಗಾಡಿ ಎಲ್ಲಿ ದುಡಿದಿದೆ ಅನ್ನೋದು ಮುಖ್ಯ ಅಂತ ನನಗೆ ಮನವರಿಕೆ ಆದದ್ದು ಅಲ್ಲಿ. ಬೆಳ್ಳುಳ್ಳಿ, ಶೇಂಗಾ ಬೆಳೆಯುವ ಒಣ ಹೊಲದ 10 ವರ್ಷದ ಗಾಡಿ, ಕಲ್ಲು ಮರಳು ಹೇರಿದ 4 ವರ್ಷದ ಗಾಡಿಗಿಂತ ಎಷ್ಟೋ ಮೇಲು.

ಮೂರನೇದನ್ನು ನೋಡೋಕೂ ಹೋಗಲಿಲ್ಲ. ಆರ್‌ಸಿ ನಂಬರನ್ನು ಸರ್ಕಾರದ ವಾಹನ ಮಾಹಿತಿ ಆ್ಯಪ್ ಎಂಪರಿವಾಹನ್‌ನಲ್ಲಿ ಹಾಕಿದರೆ ಸಾಲ ಇನ್ನೂ ಅದರ ಮೇಲೆ ಇತ್ತು. "ತೀರಿಸಿಬಿಟ್ಟಿದೀವಿ, ಕಾಗದ ಅಷ್ಟೇ ಬಾಕಿ" ಅಂದರು. ಕಾಗದ ಆದಮೇಲೆ ಫೋನ್ ಮಾಡಿ ಅಂದೆ. ಮಾಡಲಿಲ್ಲ.

ನಾವು ತಗೊಂಡದ್ದು ಸವಣೂರು ಕಡೆಯ ಒಬ್ಬ ಹಿರಿಯ ರೈತರಿಂದ. 2015ರ ಮಹೀಂದ್ರಾ 575, ನಾಲ್ಕು ಸಿಲಿಂಡರ್, 45 ಎಚ್‌ಪಿ. ಮಕ್ಕಳು ಊರು ಬಿಟ್ಟಿದ್ದರು, ಅವರಿಗೆ ಓಡಿಸೋಕೆ ಆಗ್ತಿರಲಿಲ್ಲ. ಗಾಡಿ ತಗಡಿನ ಚಪ್ಪರದ ಕೆಳಗೆ ನಿಂತಿತ್ತು. ಬಣ್ಣ ಮಾಸಿತ್ತು, ಸೀಟು ಹರಿದಿತ್ತು. ಆದರೆ ಗೋಡೆಯ ಗೂಡಿನಲ್ಲಿ ಒಂದು ಶಾಲೆ ನೋಟ್‌ಬುಕ್ಕು. ಯಾವ ದಿನ ಎಂಜಿನ್ ಆಯಿಲ್ ಬದಲಿಸಿದ್ದು, ಆಗ ಮೀಟರ್ ಎಷ್ಟಿತ್ತು, ಯಾವಾಗ ಫಿಲ್ಟರ್ ಹಾಕಿದ್ದು, ಎಲ್ಲಾ ಪೆನ್ಸಿಲ್‌ನಲ್ಲಿ ಬರೆದಿದ್ದರು. ಕೊನೆಯ ಸಾಲಲ್ಲಿ 4,310 ತಾಸು. ಮೀಟರಿನಲ್ಲಿ 4,388. ಆ ನೋಟ್‌ಬುಕ್ಕನ್ನು ನೋಡಿದ ಮೇಲೆ ನನಗೆ ಬೇರೆ ಗಾಡಿ ಮೇಲೆ ಮನಸ್ಸು ಹೋಗಲಿಲ್ಲ.

ಆದರೂ ಮೇಸ್ತ್ರಿ ಬಿಡಲಿಲ್ಲ. ಅರ್ಧ ತಾಸು ಹೊಲದಲ್ಲಿ ರಂಟೆ, ಅಂದರೆ ನೇಗಿಲು, ಹೊಡೆಸಿದರು. ರಂಟೆ ಎತ್ತಿ ಇಳಿಸುವ ಹೈಡ್ರಾಲಿಕ್ ಎಣ್ಣೆ ಬಿಸಿ ಆದಮೇಲೆ ಪರೀಕ್ಷೆ ಮಾಡಬೇಕು ಅಂತ ಅವರ ಹಠ. ತಣ್ಣಗೆ ಗಟ್ಟಿ ಇರುವ ಎಣ್ಣೆಯಲ್ಲಿ ಸವೆದ ಪಂಪೂ ಎತ್ತುತ್ತೆ, ಬಿಸಿಯಾಗಿ ತೆಳ್ಳಗಾದ ಮೇಲೆ ಬಣ್ಣ ಬಯಲಾಗುತ್ತೆ. ರಂಟೆ ಪೂರ್ತಿ ಮೇಲೆತ್ತಿಸಿ ಎಂಜಿನ್ ಬಂದ್ ಮಾಡಿದರು. ಒಂದು ಜಾಲಿ ಕಡ್ಡಿಯನ್ನು ರಂಟೆಯ ಹಲ್ಲಿನ ಪಕ್ಕ ನೆಲಕ್ಕೆ ಚುಚ್ಚಿ, ಹಲ್ಲಿನ ತುದಿ ಇರುವ ಮಟ್ಟಕ್ಕೆ ಮುರಿದರು. ಅಲ್ಲೇ ಕೂತು ಚಹಾ ಕುಡಿದೆವು. ಕಾಲು ತಾಸಿಗೆ ಹಲ್ಲು ನಾಲ್ಕು ಬೆರಳು ಕೆಳಗೆ ಇಳಿದಿತ್ತು. "ಪಂಪ್ ಚಲೋ ಐತಿ, ಮ್ಯಾಲಿನ ಸೀಲ್ ಹೋಗೇತಿ. ಸಣ್ಣ ಕೆಲಸ" ಅಂದರು. ಇಳಿಜಾರಿನಲ್ಲಿ ಎಕ್ಸಲೇಟರ್ ಬಿಟ್ಟು ಪ್ರತಿ ಗೇರಿನಲ್ಲೂ ಇಳಿಸಿ ನೋಡಿದರು. ಗೇರ್ ಹಾರಲಿಲ್ಲ.

3 ಲಕ್ಷ 60 ಸಾವಿರಕ್ಕೆ ಮಾತಾಯಿತು. ಮೆಣಸಿನಕಾಯಿ ದುಡ್ಡು, ಎತ್ತು ಮಾರಿದ್ದು, ಉಳಿಸಿದ್ದು ಸೇರಿ 2 ಲಕ್ಷ 60 ಸಾವಿರ ಇತ್ತು. 1 ಲಕ್ಷ ನನ್ನ ಹೆಂಡತಿ ಸಂಘದಲ್ಲಿ ತೆಗೆದಳು. ಹಳೇ ಗಾಡಿಗೆ ಫೈನಾನ್ಸ್‌ನವರು 16 ಪರ್ಸೆಂಟ್ ಬಡ್ಡಿ ಹೇಳಿದ್ದರು. ಪೂರ್ತಿ ಸಾಲದಲ್ಲಿ ಹಳೇ ಗಾಡಿ ತಗೊಂಡರೆ, ಬಡ್ಡಿ ರಿಪೇರಿ ಎರಡೂ ಸೇರಿ ಹೊಸದರ ಹತ್ತಿರಕ್ಕೇ ಬರುತ್ತೆ. ಹಾಗೆ ತಗೊಳ್ಳೋದಾದರೆ ಹೊಸದೇ ವಾಸಿ ಅಂತ ನನ್ನ ಅಭಿಪ್ರಾಯ.

ಕಾಗದದ ಕೆಲಸದಲ್ಲಿ ನಾಚಿಕೆ ಪಡಬಾರದು. ಎಂಜಿನ್ ನಂಬರು, ಚಾಸಿ ನಂಬರು ಎರಡನ್ನೂ ಒರೆಸಿ, ಆರ್‌ಸಿ ಪಕ್ಕ ಇಟ್ಟು ಒಂದೊಂದೇ ಅಂಕಿ ಓದಿದೆ. ಸಾಲ ಬಾಕಿ ಇಲ್ಲ ಅನ್ನುವ ಬ್ಯಾಂಕಿನ ಎನ್‌ಒಸಿ, ಆರ್‌ಸಿಯಿಂದ ಸಾಲ ತೆಗೆಸೋಕೆ ಫಾರ್ಮ್ 35, ಹೆಸರು ಬದಲಾವಣೆಗೆ ಫಾರ್ಮ್ 29 ಮತ್ತು 30, ಎಲ್ಲದಕ್ಕೂ ಅವತ್ತೇ ಸಹಿ ಹಾಕಿಸಿಕೊಂಡೆ. ಹೆಸರು ಬದಲಾಗೋತನಕ 20 ಸಾವಿರ ಕೊಡೋದು ಬಾಕಿ ಇಟ್ಟೆ. ಯಜಮಾನರು ಬೇಜಾರು ಮಾಡಿಕೊಳ್ಳಲಿಲ್ಲ. ಆರ್‌ಸಿಯಲ್ಲಿ ಹೆಸರು ಇರೋತನಕ ಅಪಘಾತ ಆದರೆ ಅವರ ತಲೆಗೂ ಬರುತ್ತೆ, ಅವರಿಗೂ ಬೇಗ ಆಗಬೇಕಿತ್ತು. ಟ್ರೇಲರ್ ತಗೊಳ್ಳೋದಾದರೆ ಅದರ ಆರ್‌ಸಿ ಬೇರೆ, ಮರೀಬೇಡಿ.

ಆಮೇಲೆ ಖರ್ಚು. ಹಿಂದಿನ ಎರಡು ಟೈರು 42 ಸಾವಿರ. ಕ್ಲಚ್ ಪ್ಲೇಟು ಕೂಲಿ ಸೇರಿ 14 ಸಾವಿರ. ಲಿಫ್ಟ್ ಸೀಲು 3,500. ಬ್ಯಾಟರಿ 6,500. ಎಲ್ಲಾ ಎಣ್ಣೆ, ಫಿಲ್ಟರು 9 ಸಾವಿರ. ಹೆಸರು ಬದಲಾವಣೆ, ಇನ್ಶೂರೆನ್ಸ್ 8 ಸಾವಿರ. ಒಟ್ಟು 83 ಸಾವಿರ. ಗಾಡಿ ಮನೆಗೆ ಬಿದ್ದದ್ದು 4 ಲಕ್ಷ 43 ಸಾವಿರಕ್ಕೆ. ಕೊಂಡ ಬೆಲೆಯ ಕಾಲು ಭಾಗದಷ್ಟು ದುಡ್ಡು ಕೈಯಲ್ಲಿ ಉಳಿಸಿಕೊಂಡೇ ಹಳೇ ಗಾಡಿಗೆ ಮಾತಾಡಬೇಕು. ಇದ್ದ ದುಡ್ಡನ್ನೆಲ್ಲ ಗಾಡಿಗೇ ಕೊಟ್ಟು, ಕ್ಲಚ್ ಹೋದಾಗ ಹದದಲ್ಲಿ ನಿಂತವರನ್ನು ನಾನು ನೋಡಿದ್ದೇನೆ. ನಮಗೆ ಈ 83 ಸಾವಿರವನ್ನೂ ಹೊಂದಿಸೋಕೆ ಎರಡು ತಿಂಗಳು ಬೇಕಾಯಿತು. ಏಪ್ರಿಲ್ ಮುಗಿಯೋದರೊಳಗೆ ಕೆಲಸ ಎಲ್ಲಾ ಮುಗಿಸಿದೆವು.

2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ 12ರಿಂದ 5ಕ್ಕೆ ಇಳಿಯಿತು. 45 ಎಚ್‌ಪಿ ಗಾಡಿಗೆ ಸುಮಾರು 45 ಸಾವಿರ ಕಡಿಮೆ. ಅವಸರ ಮಾಡಿದೆವಾ ಅಂತ ತಮ್ಮ ಕೇಳಿದ. ಮತ್ತೆ ಲೆಕ್ಕ ಹಾಕಿದೆ. ಸಾಲ 45 ಸಾವಿರ ಕಡಿಮೆ ಆದರೆ ವರ್ಷದ ಕಂತು 12 ಸಾವಿರ ಇಳಿಯುತ್ತೆ. ಹೊರಗೆ ಹೊಡೆಯಬೇಕಾದ್ದು 190 ತಾಸಿನ ಜಾಗದಲ್ಲಿ 166 ತಾಸು, ಅದೂ ನಮಗೆ ಹೆಚ್ಚೇ. ಟ್ರ್ಯಾಕ್ಟರ್ ಟೈರು, ಬಿಡಿಭಾಗದ ಜಿಎಸ್‌ಟಿ ಕೂಡ 18ರಿಂದ 5ಕ್ಕೆ ಬಂದಿದೆ, ಅದು ಹಳೇ ಗಾಡಿಯವರಿಗೂ ಅನುಕೂಲ.

ಹೊಸದು ತಗೊಂಡವರು ತಪ್ಪು ಮಾಡಿದರು ಅಂತ ನಾನು ಹೇಳೋದಿಲ್ಲ. ದಾವಣಗೆರೆ ಕಡೆ ನಮ್ಮ ಭಾವನವರು ಹೊಸದೇ ತಗೊಂಡರು, ಸರಿಯಾಗೇ ಮಾಡಿದರು. ಅವರದು ವರ್ಷಕ್ಕೆ ಎರಡು ಭತ್ತ, ಬಾಡಿಗೆ ಸೇರಿ 800 ತಾಸು ಓಡಿಸುತ್ತಾರೆ. ಅಷ್ಟು ಓಡುವ ಗಾಡಿಗೆ ವಾರಂಟಿ ಬೇಕು, ಪವರ್ ಸ್ಟೇರಿಂಗ್ ಬೇಕು. ದಿನಕ್ಕೆ ಹತ್ತು ತಾಸು ಕೂರುವ ಮನುಷ್ಯನ ಬೆನ್ನೂ ಉಳಿಯಬೇಕಲ್ವಾ. ಇನ್ನೊಂದು ವಿಷಯ. 50 ಎಚ್‌ಪಿ ಮೇಲಿನ ಹೊಸ ಗಾಡಿಗಳಿಗೆ 2023ರ ಜನವರಿಯಿಂದ ಹೊಗೆಯ ನಿಯಮ ಬಿಗಿಯಾಗಿದೆ. ಅದಕ್ಕೆ ಅವುಗಳ ಡೀಸೆಲ್ ಪಂಪಿನ ಕೆಲಸ ಹೆಚ್ಚಾಗಿ ಎಲೆಕ್ಟ್ರಾನಿಕ್ ಆಗಿದೆ. ಊರ ಮೇಸ್ತ್ರಿ ಕೈಯಲ್ಲಿ ಆಗುವ ರಿಪೇರಿ ಬೇಕು ಅನ್ನೋರು ಇದನ್ನೂ ಯೋಚನೆ ಮಾಡಲಿ. ರೋಟಾವೇಟರ್‌ಗೆ ರೈತ ಸಂಪರ್ಕ ಕೇಂದ್ರದಲ್ಲಿ ಸಹಾಯಧನಕ್ಕೆ ಅರ್ಜಿ ಹಾಕಿ. ನಾನು ಹಾಕಿದ್ದೇನೆ. ಅದು ಬರೋತನಕ ಕೃಷಿ ಯಂತ್ರಧಾರೆ ಅನ್ನುವ ಸರ್ಕಾರಿ ಯೋಜನೆಯ ಯಂತ್ರ ಬಾಡಿಗೆ ಕೇಂದ್ರದಿಂದ ತರುತ್ತೇನೆ.

ಈಗ ಒಂದು ವರ್ಷ ಆಯಿತು. ಯಜಮಾನರ ನೋಟ್‌ಬುಕ್ಕನ್ನು ನಾನೇ ಮುಂದುವರಿಸಿದ್ದೇನೆ. ನನ್ನ ಹೊಲಕ್ಕೆ 94 ತಾಸು, ಹೊರಗೆ 118. ಹೊರಗಿನದರಲ್ಲಿ 9,500 ಇನ್ನೂ ಉದ್ರಿ. ಹೊಸ ಗಾಡಿ ತಗೊಂಡಿದ್ದರೆ ಈ ವರ್ಷ ಕಂತಿಗೆ 34 ಸಾವಿರ ಕೈಯಿಂದ ಹಾಕಬೇಕಿತ್ತು.

ಹೋದ ಜೂನಿನಲ್ಲಿ ಮಳೆ ನಿಂತ ಮೂರನೇ ದಿನ ಬೆಳಿಗ್ಗೆ ಐದೂವರೆಗೆ ಎರೆ ಹೊಲಕ್ಕೆ ಹೋದೆ. ಒಂದು ಹಿಡಿ ಮಣ್ಣು ಒತ್ತಿ ಬಿಟ್ಟೆ, ಅಂಗೈಗೆ ಅಂಟದೆ ಪುಡಿಯಾಯಿತು. ಮನೆಗೆ ಫೋನ್ ಮಾಡಿ ತಮ್ಮನಿಗೆ ಗಾಡಿ ತರಲು ಹೇಳಿದೆ. ಮಧ್ಯಾಹ್ನ ಊಟದ ಹೊತ್ತಿಗೆ 6 ಎಕರೆ ಬಿತ್ತಿ ಮುಗಿದಿತ್ತು.