ಕೊನೆ ಕಂಬದ ಮನೆಗೆ ಸೋಲಾರ್: ಮಧ್ಯಾಹ್ನದ ವೋಲ್ಟೇಜ್ ಇಳಿಸಿದ್ದು ಹೇಗೆ

ಬೆಳಿಗ್ಗೆ ಎಂಟಕ್ಕೆ ಸೋಲಾರ್ ಇನ್ವರ್ಟರ್ (ಪ್ಯಾನೆಲ್ಲಿನ ಡಿ.ಸಿ.ಯನ್ನು ಎ.ಸಿ. ಮಾಡಿ ಲೈನಿಗೆ ಕೊಡುವ ಪೆಟ್ಟಿಗೆ) ಸರಿಯಾಗಿ ಓಡುತ್ತದೆ. ಹತ್ತಕ್ಕೆ ಕೆಂಪು ದೀಪ. ಸ್ವಲ್ಪ ಹೊತ್ತು ಬಿಟ್ಟು ತಾನಾಗಿ ಹತ್ತಿಕೊಳ್ಳುತ್ತದೆ, ಮತ್ತೆ ನಿಲ್ಲುತ್ತದೆ. ಮಧುಗಿರಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಕೊನೆ ಕಂಬದ ಮನೆಗೆ ಹಾಕಿದ 5 ಕಿಲೋವ್ಯಾಟ್ ಸಿಂಗಲ್ ಫೇಸ್ ಸೋಲಾರ್ ಹೀಗೆ ಮಾಡುತ್ತಿತ್ತು. ಪ್ಯಾನೆಲ್ ಸರಿಯಿದ್ದವು, ಇನ್ವರ್ಟರೂ ಸರಿಯಿತ್ತು. ಸರಿಯಿಲ್ಲದ್ದು ಲೈನು. ಅದನ್ನು ಹುಡುಕಿ ಸರಿಪಡಿಸಿದ ಕ್ರಮವನ್ನು ಅಂಕಿ ಸಮೇತ ಬರೆಯುತ್ತಿದ್ದೇನೆ. ಕಂಬದ ದೂರ, ತಂತಿಯ ಜಾತಿ ಬದಲಿಸಿಕೊಂಡರೆ ಇದೇ ಲೆಕ್ಕ ಶಿರಾಕ್ಕೂ ಆಗುತ್ತದೆ, ಶ್ರೀನಿವಾಸಪುರಕ್ಕೂ ಆಗುತ್ತದೆ.

ಮೊದಲು ತಿಳಿಯಬೇಕಾದ ಅಂಕಿ 433. ನಮ್ಮ ಊರುಗಳ ಟಿ.ಸಿ. (ಟ್ರಾನ್ಸ್‌ಫಾರ್ಮರ್) ಮೇಲೆ 11000/433 ಎಂದು ಬರೆದಿರುತ್ತದೆ: ಒಳಗೆ ಬರುವುದು 11000 ವೋಲ್ಟ್, ಹೊರಡುವುದು ಎರಡು ಫೇಸಿನ ನಡುವೆ 433. 433 ಅಂದರೆ ಒಂದು ಫೇಸಿನಿಂದ ನ್ಯೂಟ್ರಲ್‌ಗೆ 250 ವೋಲ್ಟ್. ಲೋಡೇ ಇಲ್ಲದಾಗ ಹೊರಡುವ ವೋಲ್ಟೇಜು ಅದು. ಕರೆಂಟು ಟಿ.ಸಿ.ಯಿಂದ ಮನೆ ಕಡೆಗೆ ಮಾತ್ರ ಹರಿಯುತ್ತದೆ, ದಾರಿಯಲ್ಲಿ ವೋಲ್ಟೇಜು ಇಳಿಯುತ್ತದೆ, ಆದ್ದರಿಂದ ಹೊರಡುವಾಗಲೇ ಒಂದಿಷ್ಟು ಹೆಚ್ಚು ಕೊಟ್ಟು ಕಳಿಸೋಣ ಅನ್ನುವುದು ಹಳೆಯ ಲೆಕ್ಕ. 1902ರಲ್ಲಿ ಶಿವನಸಮುದ್ರದಿಂದ ತೊಂಬತ್ತು ಮೈಲಿ ದಾಟಿ ಕೋಲಾರದ ಚಿನ್ನದ ಗಣಿಗೆ ಲೈನು ಎಳೆದಾಗಿನಿಂದಲೂ ಲೆಕ್ಕ ಅದೇ. ಈಗ ಮನೆಯಿಂದಲೇ ಕರೆಂಟು ಟಿ.ಸಿ. ಕಡೆಗೆ ಹೊರಟಿದೆ. ಹಾಗೆ ಹರಿಯಬೇಕಾದರೆ ಮನೆಯ ವೋಲ್ಟೇಜು ಟಿ.ಸಿ.ಯದಕ್ಕಿಂತ ಮೇಲಿರಲೇಬೇಕು. ಇನ್ವರ್ಟರಿಗೋ 2013ರ ಕೇಂದ್ರ ವಿದ್ಯುತ್ ಪ್ರಾಧಿಕಾರದ ನಿಯಮದ ಪ್ರಕಾರ ಶೇ. 110 ದಾಟಿದರೆ ಎರಡು ಸೆಕೆಂಡಿನೊಳಗೆ ಲೈನಿನಿಂದ ಬಿಟ್ಟುಕೊಳ್ಳಬೇಕೆಂಬ ಕಟ್ಟಪ್ಪಣೆ. 230ರ ಶೇ. 110 ಎಂದರೆ 253. ಟಿ.ಸಿ. ಹತ್ತಿರ 246 ಇದ್ದರೆ ನಿಮ್ಮ ಕೈಯಲ್ಲಿ ಉಳಿದದ್ದು ಏಳೇ ವೋಲ್ಟು.

ಪಂಪ್‌ಸೆಟ್ಟುಗಳಿದ್ದರೆ ವೋಲ್ಟೇಜು ಎಳೆದುಕೊಳ್ಳುತ್ತವಲ್ಲ ಎಂದು ಕೇಳಬಹುದು. ನಿರಂತರ ಜ್ಯೋತಿ ಯೋಜನೆಯಲ್ಲಿ ಪಂಪ್‌ಸೆಟ್ ಫೀಡರು ಬೇರೆ, ಊರಿನ ಫೀಡರು ಬೇರೆ ಆಗಿದೆ. ಊರಿಗೆ ರಾತ್ರಿ ದೀಪ ಉರಿಯುವುದಕ್ಕೆ ಅದು ಒಳ್ಳೆಯದಾಯಿತು. ಆದರೆ ಮಧ್ಯಾಹ್ನ ಹನ್ನೆರಡಕ್ಕೆ ಊರಿನ ಲೈನಿನಲ್ಲಿ ಫ್ರಿಜ್ಜು, ಫ್ಯಾನು, ಎರಡು ಟಿ.ವಿ. ಬಿಟ್ಟರೆ ಲೋಡೇ ಇರುವುದಿಲ್ಲ.

ಇನ್ನು ತಂತಿ. 100 ಕೆವಿಎ ಟಿ.ಸಿ.ಯಿಂದ ಆ ಮನೆಯ ಕಂಬ 420 ಮೀಟರ್. ತಂತಿ ವೀಸಲ್ ಎಂಬ ಜಾತಿಯ ಅಲ್ಯೂಮಿನಿಯಂ ತಂತಿ, ಅದರ ರೋಧ (ಕರೆಂಟಿಗೆ ಒಡ್ಡುವ ತಡೆ) 20 ಡಿಗ್ರಿಯಲ್ಲಿ ಕಿಲೋಮೀಟರಿಗೆ 0.91 ಓಮ್, ಬಿಸಿಲಿಗೆ ಕಾದಾಗ ಹತ್ತಿರ ಹತ್ತಿರ 1 ಓಮ್. ಸಿಂಗಲ್ ಫೇಸಿನಲ್ಲಿ ಹೋಗಿ ಬರುವ ದಾರಿ ಎರಡೂ ಸೇರಿ 840 ಮೀಟರ್, ಅಂದರೆ 0.84 ಓಮ್. ಕಂಬದಿಂದ ಮನೆಗೆ 30 ಮೀಟರ್ 4 ಚದರ ಮಿ.ಮೀ. ತಾಮ್ರದ ಸರ್ವೀಸ್ ವೈರು, ಹೋಗಿ ಬರಲು 0.28 ಓಮ್. ಒಟ್ಟು 1.12. 5 ಕಿಲೋವ್ಯಾಟ್ ಪೂರ್ತಿ ಬಂದರೆ 21.7 ಆಂಪ್. ಗುಣಿಸಿದರೆ 24 ವೋಲ್ಟ್ ಏರಿಕೆ. ಈ ಗುಣಾಕಾರವನ್ನು ಪ್ಯಾನೆಲ್ ಕೊಳ್ಳುವ ಮೊದಲೇ ಮಾಡಬೇಕು. ಬಹುಪಾಲು ಕಡೆ ಯಾರೂ ಮಾಡುವುದಿಲ್ಲ. ಚಾವಣಿ ಅಳೆಯುತ್ತಾರೆ, ಕಂಬ ಎಣಿಸುವುದಿಲ್ಲ.

ಲೆಕ್ಕ ಕಾಗದದ್ದು, ಲೈನು ಬೇರೆಯೇ ಹೇಳಬಹುದು. ಅದಕ್ಕೆ ಅಳತೆ. ಟ್ರೂ ಆರ್‌ಎಂಎಸ್ ಕ್ಲಾಂಪ್ ಮೀಟರ್ ಒಂದಿದ್ದರೆ ಸಾಕು. ಅದೇ ಫೇಸಿನಲ್ಲಿ ಟಿ.ಸಿ.ಯಿಂದ 300 ಮೀಟರ್ ದೂರದಲ್ಲಿ ಇನ್ನೊಂದು ಮನೆಯ 3 ಕಿಲೋವ್ಯಾಟ್ ಇತ್ತು. ಮೊದಲು ಅದನ್ನು ಆಫ್ ಮಾಡಿಸಿದೆವು. ಇದನ್ನು ಮರೆತರೆ ಅಳತೆ ಪೂರ್ತಿ ಕೆಡುತ್ತದೆ. ನಮ್ಮ ಇನ್ವರ್ಟರೂ ಆಫ್ ಇದ್ದಾಗ ಅದರ ಟರ್ಮಿನಲ್ಲಿನಲ್ಲಿ 243 ವೋಲ್ಟ್. ಆನ್ ಮಾಡಿ 6 ಆಂಪ್‌ಗೆ ಬಂದಾಗ 252. ಒಂಬತ್ತು ವೋಲ್ಟಿಗೆ ಆರು ಆಂಪ್, ಅಂದರೆ 1.5 ಓಮ್. ಲೆಕ್ಕಕ್ಕಿಂತ 0.38 ಹೆಚ್ಚು. ಹೀಗೆ ಹೆಚ್ಚು ಬಂದರೆ ತಂತಿಯನ್ನು ಬೈಯಬೇಡಿ, ತಂತಿಗಳು ಸೇರುವ ಗಂಟು ಹುಡುಕಿ.

ಸಿಕ್ಕಿದ್ದು ಕಂಬದ ಮೇಲೆ, ಲೈನಿಗೂ ಸರ್ವೀಸ್ ವೈರಿಗೂ ಕೊಂಡಿಯಾದ ಜಂಪರಿನಲ್ಲಿ. ಅಲ್ಯೂಮಿನಿಯಂ ಲೈನಿಗೆ ತಾಮ್ರದ ವೈರನ್ನು ನೇರವಾಗಿ ಸುತ್ತಿ ಬಿಟ್ಟಿದ್ದರು. ಎರಡು ಲೋಹ ಸೇರಿದ ಜಾಗಕ್ಕೆ ಮಳೆ ನೀರು ಇಳಿದರೆ ಅಲ್ಯೂಮಿನಿಯಂ ತಿಂದುಹೋಗಿ ಬಿಳಿ ಪುಡಿಯಾಗುತ್ತದೆ, ಹಿಡಿತ ಸಡಿಲವಾಗುತ್ತದೆ. ಆ ಗಂಟಿನಲ್ಲಿ 0.38 ಓಮ್ ಇದ್ದು 21.7 ಆಂಪ್ ಹರಿದರೆ ಸುಮಾರು 180 ವ್ಯಾಟ್ ಅಲ್ಲೇ ಸುಡುತ್ತದೆ; ಹಳೇ ನೂರು ವ್ಯಾಟಿನ ಎರಡು ಬಲ್ಬಿನ ಬಿಸಿ ಬೆರಳು ದಪ್ಪದ ಗಂಟಿನಲ್ಲಿ. ಸೋಲಾರ್ ಬರುವ ಮುಂಚೆ ಅದೇ ಗಂಟು ತಕರಾರಿಲ್ಲದೆ ನಡೆಯುತ್ತಿತ್ತು, ಯಾಕೆಂದರೆ ಆ ಮನೆ ಎಂದೂ 5 ಆಂಪ್ ದಾಟಿರಲಿಲ್ಲ. ತಂತಿಯನ್ನು ಬ್ರಷ್ಷಿನಿಂದ ಉಜ್ಜಿ, ಜಾಯಿಂಟ್ ಪೇಸ್ಟ್ ಹಚ್ಚಿ, ಬೈಮೆಟಲ್ ಕನೆಕ್ಟರ್ ಹಾಕಿಸಿದ ಮೇಲೆ ರೋಧ 1.12ಕ್ಕೆ ಇಳಿಯಿತು. ನ್ಯೂಟ್ರಲ್ ಗಂಟನ್ನೂ ಅವತ್ತೇ ಬಿಗಿ ಮಾಡಿಸಬೇಕು. ಫೇಸ್ ಗಂಟು ಬಿಟ್ಟರೆ ಕರೆಂಟು ಹೋಗುತ್ತದೆ ಅಷ್ಟೇ. ನ್ಯೂಟ್ರಲ್ ಬಿಟ್ಟರೆ ಆಚೆಯ ಮನೆಗಳಲ್ಲಿ ವೋಲ್ಟೇಜು ಎಲ್ಲೆಂದರಲ್ಲಿ ತೇಲಿ ಟಿ.ವಿ., ಫ್ರಿಜ್ಜು ಸುಡುತ್ತವೆ.

ಕಂಬ ಹತ್ತುವ ಕೆಲಸ ಲೈನ್‌ಮ್ಯಾನ್‌ದು, ಅದೂ ಎಲ್‌ಸಿ (ಲೈನ್ ಕ್ಲಿಯರ್, ಅಂದರೆ ಲೈನು ಆಫ್ ಮಾಡಿದೆ ಎಂಬ ಅನುಮತಿ) ತೆಗೆದುಕೊಂಡು. ಸೋಲಾರ್ ಇರುವ ಲೈನಿನಲ್ಲಿ ಎಲ್‌ಸಿ ಸಿಕ್ಕಿತೆಂದು ಕೈ ಹಾಕಬಾರದು. ಟಿ.ಸಿ. ಆಫ್ ಆದರೆ ಗ್ರಿಡ್ ಇನ್ವರ್ಟರ್ ಎರಡು ಸೆಕೆಂಡಿನಲ್ಲಿ ನಿಲ್ಲುತ್ತದೆ, ನಿಜ. ಆದರೆ ಯಾರೋ ಚೇಂಜ್‌ಓವರ್ ಸ್ವಿಚ್ (ಲೈನು ಬಿಡಿಸಿ ಜನರೇಟರಿಗೆ ತಿರುಗಿಸುವುದು) ಇಲ್ಲದೆ ಜನರೇಟರ್ ಸಿಕ್ಕಿಸಿದ್ದರೆ ಅದು ನಿಲ್ಲುವುದಿಲ್ಲ. ಎರಡೂ ಕಡೆಯ ತಂತಿ ಶಾರ್ಟ್ ಮಾಡಿ ಅರ್ತ್ ಮಾಡಿದ ಮೇಲೆಯೇ ಕೆಲಸ.

ಆಮೇಲೆ ಸರ್ವೀಸ್ ವೈರನ್ನು 16 ಚದರ ಮಿ.ಮೀ. ಅಲ್ಯೂಮಿನಿಯಂ ಕೇಬಲ್ಲಿಗೆ ಬದಲಿಸಿದೆವು. ಅದರ ರೋಧ ಕಿಲೋಮೀಟರಿಗೆ 1.91 ಓಮ್, ಹೋಗಿ ಬರಲು 0.28 ಇದ್ದದ್ದು 0.115 ಆಯಿತು. ಆದರೂ 21.7 ಆಂಪ್‌ಗೆ 20 ವೋಲ್ಟಿಗೂ ಮೇಲೆ ಏರಿಕೆ. 243ಕ್ಕೆ ಕೂಡಿಸಿದರೆ 263 ದಾಟುತ್ತದೆ. ಕೇಬಲ್ ಬದಲಿಸಿ ಗೆಲ್ಲುವ ಆಟವಲ್ಲ ಇದು. ಮುಕ್ಕಾಲು ಪಾಲು ರೋಧ ಲೈನಿನಲ್ಲೇ ಇದೆ.

ಇಲ್ಲಿಗೆ ಬಂದಾಗ ಹಲವರು ಮಾಡುವ ಕಳ್ಳದಾರಿ ಒಂದಿದೆ. ಇನ್ವರ್ಟರಿನ ದೇಶದ ಸೆಟ್ಟಿಂಗ್ (ಯಾವ ದೇಶದ ಗ್ರಿಡ್ ಮಿತಿಯಂತೆ ಓಡಬೇಕೆಂಬ ಆಯ್ಕೆ) ಬದಲಿಸಿ ಮಿತಿಯನ್ನು 270ಕ್ಕೆ ಏರಿಸಿಬಿಡುವುದು. ಟ್ರಿಪ್ ನಿಲ್ಲುತ್ತದೆ, ಮನೆಯವರಿಗೆ ಖುಷಿ. ಆ 265 ವೋಲ್ಟು ಪಕ್ಕದ ಮನೆಯ ಎಲ್‌ಇಡಿ ಬಲ್ಬಿಗೂ ಹೋಗುತ್ತದೆ. ದೇಶದ ಸೆಟ್ಟಿಂಗಿನೊಳಗೆ ಫ್ರೀಕ್ವೆನ್ಸಿ ಮಿತಿಯೂ ಇರುತ್ತದೆ, ಅದೂ ಜೊತೆಗೆ ಬದಲಾಗುತ್ತದೆ. ಜರ್ಮನಿಯಲ್ಲಿ ಲಕ್ಷಾಂತರ ಇನ್ವರ್ಟರುಗಳು 50.2 ಹರ್ಟ್ಸ್ ಮುಟ್ಟಿದರೆ ಒಟ್ಟಿಗೇ ನಿಲ್ಲುವಂತೆ ಇದ್ದವು. ಅಷ್ಟೂ ಒಂದೇ ಏಟಿಗೆ ಬಿದ್ದರೆ ಗ್ರಿಡ್ ಗತಿ ಏನೆಂದು 2012ರಲ್ಲಿ ನಿಯಮ ತಂದು 10 ಕಿಲೋವ್ಯಾಟ್ ಮೀರಿದ ಹಳೆಯವನ್ನು ತಿದ್ದಿಸಬೇಕಾಯಿತು. ಹಾಗಾಗಿ ಆ ಸೆಟ್ಟಿಂಗ್ ನಮ್ಮದಲ್ಲ, ಮುಟ್ಟಲಿಲ್ಲ.

ಮುಟ್ಟಬಹುದಾದದ್ದು ಎರಡು. ಒಂದು ರಿಯಾಕ್ಟಿವ್ ಪವರ್ (ಕೆಲಸ ಮಾಡದೆ ಲೈನಿನಲ್ಲಿ ಹೋಗಿ ಬರುವ ಪವರ್, ಅದರ ಅಳತೆ ಕಿಲೋವಾರ್): ಇನ್ವರ್ಟರನ್ನು 0.9 ಪವರ್ ಫ್ಯಾಕ್ಟರಿನಲ್ಲಿ ಓಡಿಸಿ ವೋಲ್ಟೇಜು ಇಳಿಸುವುದು. ದೊಡ್ಡ ಲೈನುಗಳಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ, ಏಕೆಂದರೆ ಅಲ್ಲಿ ರಿಯಾಕ್ಟೆನ್ಸ್ (ಎ.ಸಿ.ಗೆ ಮಾತ್ರ ಬರುವ ಇನ್ನೊಂದು ತಡೆ) ಹೆಚ್ಚು. ನಮ್ಮ ವೀಸಲ್ ಲೈನಿನಲ್ಲಿ ರಿಯಾಕ್ಟೆನ್ಸ್ ರೋಧದ ಮೂರನೇ ಒಂದು ಪಾಲು. 2.4 ಕಿಲೋವಾರ್ ಎಳೆದರೂ ಇಳಿದದ್ದು ಮೂರು ವೋಲ್ಟು, ಅದಕ್ಕೆ ಪ್ರತಿಯಾಗಿ ಲೈನಿನ ಆಂಪ್ ಶೇ. 11 ಹೆಚ್ಚಾಯಿತು. ಬಿಟ್ಟೆವು. ಎರಡನೆಯದು ವೋಲ್ಟ್-ವ್ಯಾಟ್: 249 ವೋಲ್ಟಿನಿಂದ ಉತ್ಪಾದನೆ ತಗ್ಗಿಸುತ್ತಾ 253ಕ್ಕೆ ಐದರಲ್ಲಿ ಒಂದು ಪಾಲಿಗೆ ತರುವುದು. ಯೂನಿಟ್ ನಷ್ಟವಾಗುತ್ತದೆ, ಆದರೆ ಪೂರ್ತಿ ನಿಂತು ಮತ್ತೆ ಹತ್ತುವ ಕಾಟ ತಪ್ಪುತ್ತದೆ. ಇದನ್ನು ಕಾವಲಿಗೆ ಹಾಕಿಟ್ಟೆವು. ಮದ್ದು ಅಲ್ಲ.

ಮದ್ದು ತ್ರೀ ಫೇಸ್. ಅದೇ 5 ಕಿಲೋವ್ಯಾಟನ್ನು ಮೂರು ಫೇಸಿಗೆ ಹಂಚಿದರೆ ತಂತಿಗೆ 7.2 ಆಂಪ್. ಮೂರೂ ಸಮವಾಗಿದ್ದರೆ ನ್ಯೂಟ್ರಲ್‌ನಲ್ಲಿ ಕರೆಂಟೇ ಇಲ್ಲ, ಆದ್ದರಿಂದ ರೋಧ ಒಂದೇ ದಾರಿಯದ್ದು. ಕರೆಂಟು ಮೂರನೇ ಒಂದಾಯಿತು, ರೋಧ ಅರ್ಧವಾಯಿತು: ಏರಿಕೆ ಆರನೇ ಒಂದು. 20 ವೋಲ್ಟು ಇದ್ದದ್ದು 3.4 ಆಯಿತು. ಐದು ಕಿಲೋವ್ಯಾಟ್‌ವರೆಗೆ ಸಾಮಾನ್ಯವಾಗಿ ಸಿಂಗಲ್ ಫೇಸಿನಲ್ಲೇ ಕೊಡುತ್ತಾರೆ, ಇನ್ವರ್ಟರೂ ಅಗ್ಗ. ಟಿ.ಸಿ. ಪಕ್ಕದ ಮನೆಗೆ ಅದು ಸಾಕು. 200 ಮೀಟರ್ ದಾಟಿದ ಮನೆಗೆ 3 ಕಿಲೋವ್ಯಾಟ್ ಮೀರಿದರೆ ತ್ರೀ ಫೇಸೇ ಹಾಕಿ ಎನ್ನುತ್ತೇನೆ, ಸರ್ವೀಸ್ ಬದಲಾವಣೆಯ ಖರ್ಚು ಸೇರಿಸಿಯೂ.

ಇನ್ವರ್ಟರ್ ಬದಲಿಸುವಾಗ ಪ್ಯಾನೆಲ್ ಜೋಡಣೆಯನ್ನೂ ನೋಡಬೇಕು. ಮೊದಲಿದ್ದದ್ದು ಐದೈದು ಪ್ಯಾನೆಲ್ಲಿನ ಎರಡು ಸಾಲು, ಒಂದೊಂದು ಸಾಲಿಗೆ 205 ವೋಲ್ಟ್ ಡಿ.ಸಿ. ತ್ರೀ ಫೇಸ್ ಇನ್ವರ್ಟರಿಗೆ ಅದು ಅಂಚಿನ ವೋಲ್ಟೇಜು. ಬೇಸಿಗೆಯಲ್ಲಿ ಪ್ಯಾನೆಲ್ ಕಾದಾಗ ಇನ್ನೂ ಇಳಿದು ಇನ್ವರ್ಟರ್ ತಡವರಿಸುತ್ತದೆ. ಹತ್ತನ್ನೂ ಒಂದೇ ಸಾಲು ಮಾಡಿ 410ಕ್ಕೆ ತಂದೆವು. ಚಳಿಗಾಲದ ಬೆಳಿಗ್ಗೆ ಲೋಡಿಲ್ಲದಾಗ 500 ದಾಟಬಹುದು, ಆದ್ದರಿಂದ ಡಿ.ಸಿ. ಫ್ಯೂಸು, ಸರ್ಜ್ ಅರೆಸ್ಟರ್ ಎರಡರ ರೇಟಿಂಗೂ ಅದಕ್ಕೆ ತಕ್ಕದ್ದೇ ಎಂದು ನೋಡಿಕೊಳ್ಳಬೇಕು.

ಆದರೂ ಆರ್, ವೈ, ಬಿ ಎಂಬ ಮೂರು ಫೇಸುಗಳಲ್ಲಿ ಆರ್ ಫೇಸಿನಲ್ಲಿ ಟ್ರಿಪ್ ಆಯಿತು. ಕಾರಣ 300 ಮೀಟರಿನ ಆ ಇನ್ನೊಂದು ಮನೆಯ 3 ಕಿಲೋವ್ಯಾಟ್. 13 ಆಂಪ್, 600 ಮೀಟರ್ ದಾರಿ: ಅವರೊಬ್ಬರೇ ಆರ್ ಫೇಸನ್ನು 7.8 ವೋಲ್ಟ್ ಏರಿಸುತ್ತಿದ್ದರು. 243, 3.4, 7.8 ಕೂಡಿದರೆ 254. ಏರಿಸುವವರು ಇಬ್ಬರೂ ಇರಲಿ, ಯಾವಾಗಲೂ ಮೊದಲು ಬೀಳುವವನು ಲೈನಿನ ಕೊನೆಯವನು. ಮಧ್ಯದವನಿಗೆ ತೊಂದರೆಯೇ ಗೊತ್ತಾಗುವುದಿಲ್ಲ. ಮಧ್ಯಾಹ್ನ ಎರಡೂ ಸೋಲಾರ್ ಆಫ್ ಇಟ್ಟು ಮೂರೂ ಫೇಸ್ ಅಳೆದಾಗ ಕೊನೆ ಕಂಬದಲ್ಲಿ ಆರ್ 243, ವೈ 241, ಬಿ 236 ಇತ್ತು. ಊರಿನ ಹೆಚ್ಚು ಮನೆಗಳು ಬಿ ಮೇಲೆ. ಸೆಕ್ಷನ್ ಆಫೀಸಿಗೆ ಅರ್ಜಿ ಕೊಟ್ಟು ಆ 3 ಕಿಲೋವ್ಯಾಟನ್ನು ಬಿ ಫೇಸಿಗೆ ಹಾಕಿಸಿದೆವು. ಖರ್ಚು ಒಂದು ಜಂಪರಿನದು. ಇದರಲ್ಲಿ ಇನ್ನೊಂದು ಲಾಭವಿದೆ: ಬಿ ಫೇಸಿಗೆ ತುಂಬಿದ ಕರೆಂಟು ನ್ಯೂಟ್ರಲ್ ಮೂಲಕ ತಿರುಗುವಾಗ ಉಳಿದೆರಡು ಫೇಸು ಎರಡೆರಡು ವೋಲ್ಟ್ ಇಳಿಯುತ್ತವೆ. ಎಲ್ಲ ಸೇರಿ ಕೊನೆ ಕಂಬದಲ್ಲಿ ಆರ್ 244, ವೈ 242, ಬಿ 247.

ಟಿ.ಸಿ. ಟ್ಯಾಪ್ (ಹೊರಡುವ ವೋಲ್ಟೇಜನ್ನು ಏರಿಳಿಸುವ ಮೆಟ್ಟಿಲು) ಇಳಿಸಬಹುದಿತ್ತಲ್ಲ ಎನ್ನುವವರಿಗೆ: 100 ಕೆವಿಎವರೆಗಿನ ಟಿ.ಸಿ.ಗಳಲ್ಲಿ ಸಾಮಾನ್ಯವಾಗಿ ಟ್ಯಾಪೇ ಇರುವುದಿಲ್ಲ. 250 ಕೆವಿಎಯದರಲ್ಲಿ ಇದ್ದರೂ ಒಂದು ಮೆಟ್ಟಿಲು ಶೇ. 2.5, ಅಂದರೆ ಆರು ವೋಲ್ಟು, ಮಧ್ಯಾಹ್ನಕ್ಕೂ ರಾತ್ರಿಗೂ ಒಂದೇ. ರಾತ್ರಿ ಏಳೂವರೆಗೆ ಅದೇ ಕೊನೆ ಕಂಬದಲ್ಲಿ 211 ಇರುತ್ತದೆ. ಇನ್ನಾರು ಇಳಿಸಿದರೆ ಮಿಕ್ಸಿ ಅಳುತ್ತದೆ. ಹೊತ್ತಿಗೆ ತಕ್ಕಂತೆ ಏರಿಳಿಸುವ ಟ್ಯಾಪ್ ಇರುವುದು ವಿದ್ಯುತ್ ಉಪಕೇಂದ್ರದ, ಅಂದರೆ ಎಂಯುಎಸ್‌ಎಸ್‌ನ ದೊಡ್ಡ ಟ್ರಾನ್ಸ್‌ಫಾರ್ಮರಿನಲ್ಲಿ.

ಕೊನೆಗೆ ಮಾಡಿದ್ದಕ್ಕೆ ಹೆಚ್ಚು ಕಾಸು ಬೀಳಲಿಲ್ಲ, ಫಲ ಮಾತ್ರ ದೊಡ್ಡದು. ಇದೇ ಲೈನಿನ ಮೇಲೆ, ಟಿ.ಸಿ.ಯಿಂದ 350 ಮೀಟರಿನಲ್ಲಿ, ಪಂಚಾಯಿತಿಯ ಕುಡಿಯುವ ನೀರಿನ ಬೋರಿಗೆ 10 ಎಚ್‌ಪಿ ಮೋಟರಿದೆ. ನೀರುಗಂಟಿ ಅದನ್ನು ಬೆಳಗಿನ ಜಾವ ಎರಡು ಗಂಟೆ, ಸಂಜೆ ಎರಡು ಗಂಟೆ ಓಡಿಸುತ್ತಿದ್ದರು. ಲೈನು ಬಳಲಿರುವ ಹೊತ್ತಿಗೇ ಸಂಜೆಯ ಸರದಿ. ಈಗ ಟೈಮರ್ ಹಾಕಿ ಹನ್ನೊಂದರಿಂದ ಮೂರು. ಮೋಟರ್ ಎಳೆಯುವುದು ಸುಮಾರು 9 ಕಿಲೋವ್ಯಾಟ್, ಎರಡೂ ಮನೆಯ ಸೋಲಾರ್ ಸೇರಿದರೆ 8. ಮನೆಯಿಂದ ಹೊರಟ ಕರೆಂಟು ಟಿ.ಸಿ.ವರೆಗೆ ಹೋಗುವುದೇ ಇಲ್ಲ, ದಾರಿಯಲ್ಲೇ ಬೋರು ನುಂಗುತ್ತದೆ. ಮೂರೂ ಫೇಸು ಐದೈದು ವೋಲ್ಟ್ ಇಳಿದು ಆರ್ 239ಕ್ಕೆ ಬರುತ್ತದೆ. 200 ಮೀಟರ್ ಆಳದಿಂದ ಎತ್ತಿದರೂ ಗಂಟೆಗೆ ಏಳು ಸಾವಿರ ಲೀಟರಿಗೆ ಮೋಸವಿಲ್ಲ. ಓವರ್‌ಹೆಡ್ ಟ್ಯಾಂಕು ತುಂಬಿದರೆ ಮರುದಿನ ಬೆಳಿಗ್ಗೆ ನಲ್ಲಿಗೆ ಬಿಡುವಷ್ಟು ನೀರು. ಬ್ಯಾಟರಿ ಎಂದು ಬೇರೆ ಏನು ಬೇಕು?

ಪಾವಗಡದ ತಿರುಮಣಿ ಸುತ್ತಿನ 2050 ಮೆಗಾವ್ಯಾಟ್ ಪಾರ್ಕಿಗೂ ಮದ್ದು ಇದೇ, ಅಳತೆ ಮಾತ್ರ ದೊಡ್ಡದು. ಪಂಪ್‌ಸೆಟ್ಟಿನ ಏಳು ಗಂಟೆ ತ್ರೀ ಫೇಸನ್ನು ರಾತ್ರಿಯಿಂದ ಹಗಲಿಗೆ ತಂದಷ್ಟೂ ಮಧ್ಯಾಹ್ನದ ಸೋಲಾರಿಗೆ ಅಲ್ಲೇ ಗಿರಾಕಿ ಸಿಗುತ್ತದೆ, ಶರಾವತಿಯ ನೀರು ಸಂಜೆಗೆ ಉಳಿಯುತ್ತದೆ.

ಮೋಟರನ್ನು ಮಧ್ಯಾಹ್ನ ಓಡಿಸುವಾಗ ಒಂದು ಎಚ್ಚರ. ಸ್ಟಾರ್ಟರ್ ಡಿಒಎಲ್ (ಪೂರ್ತಿ ವೋಲ್ಟೇಜನ್ನು ನೇರವಾಗಿ ಕೊಡುವುದು) ಆಗಿದ್ದರೆ ಶುರುವಿನಲ್ಲಿ ಐದಾರು ಪಟ್ಟು ಆಂಪ್ ಎಳೆದು ವೋಲ್ಟೇಜು ಕುಸಿಯುತ್ತದೆ. ಆ ಕುಸಿತ 184ರ (230ರ ಶೇ. 80) ಕೆಳಗೆ ಎರಡು ಸೆಕೆಂಡು ನಿಂತರೆ ಇನ್ವರ್ಟರುಗಳೂ ಬೀಳುತ್ತವೆ. ಶುರುವಿನ ಆಂಪ್ ತಗ್ಗಿಸುವ ಸ್ಟಾರ್-ಡೆಲ್ಟಾ ಸ್ಟಾರ್ಟರ್ ಇರಲಿ. ಜಂಪರ್ ಗಂಟುಗಳನ್ನು ಮುಂಗಾರು ಮುಗಿದ ಮೇಲೆ ವರ್ಷಕ್ಕೊಮ್ಮೆ ನೋಡಿಸಬೇಕು: ಇನ್ವರ್ಟರ್ ಆಫ್-ಆನ್ ಮಾಡಿ ಅದೇ ಓಮ್ ಲೆಕ್ಕ ತೆಗೆದರೆ ಕಂಬ ಹತ್ತುವ ಮೊದಲೇ ಗೊತ್ತಾಗುತ್ತದೆ. ಮೋಟರ್ ಸುಟ್ಟು ವೈಂಡಿಂಗಿಗೆ ಹೋದ ವಾರ ಬಿ ಫೇಸು ಮತ್ತೆ 249 ಮುಟ್ಟಿತು, ವೋಲ್ಟ್-ವ್ಯಾಟ್ ಒಂದಿಷ್ಟು ತಗ್ಗಿಸಿತು, ಇನ್ವರ್ಟರ್ ಮಾತ್ರ ನಿಲ್ಲಲಿಲ್ಲ.